ಹರಳೆಣ್ಣೆ ಕುಡಿದ ಅಂಬಾಸಿಡರ್

ನಾನು ಶಾಕ್ ಅಬ್ಸಾರ್ಬರ್ ರಿಪೇರಿ ಮಾಡಿದ ಕಾರಿನಲ್ಲಿ ಹಾಲಿಗೆ ಹೆಪ್ಪು ಹಾಕಿಟ್ಟುಕೊಂಡು ಕೊಳ್ಳೇಗಾಲ ಬಿಟ್ಟರೆ, ಲೊಕ್ಕನಹಳ್ಳಿ ಮುಟ್ಟುವ ಹೊತ್ತಿಗೆ ಚಾಕುವಿನಲ್ಲಿ ಕೊಯ್ಯುವಂಥ ಮೊಸರಾಗಿರುತ್ತದೆ. ದಾರಿಯ ಗುಂಡಿಗಳು ನನ್ನ ಹೆಸರು ಕೇಳಿ ತಾವೇ ಮುಚ್ಚಿಕೊಳ್ಳುತ್ತವೆ. ಶಾಂತರಾಜು ಎಂದರೆ ಸಾಮಾನ್ಯನೇ?

ಈ ಮಾತನ್ನು ನಂಬಿಯೇ ಲೊಕ್ಕನಹಳ್ಳಿಯ ಪುಟ್ಟಮಾದಯ್ಯ ತನ್ನ ಹಳೇ ಅಂಬಾಸಿಡರನ್ನು ನನ್ನ ಶೆಡ್ಡಿಗೆ ತಂದ. ಹೆಂಡತಿ ಗೋವಿಂದಮ್ಮನಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಮಾರನೆಯ ದಿನ ಊರಿಗೆ ಕರೆದೊಯ್ಯಬೇಕು. ಜೋರಾಗಿ ಕುಲುಕಿದರೆ ಮತ್ತೆ ಕಾಲೂರಿ ನಿಲ್ಲಲಾರಳು ಎಂದಿದ್ದರಂತೆ ಡಾಕ್ಟರು.

"ಹಿಂದ್ಲೆ ಶಾಕ್ ಎರ್ಡೂ ಎಣ್ಣೆ ಕಕ್ತಾವೆ ಕಣ್ಲಾ. ಆಯ್ತದಾ, ಇಲ್ವಾ? ಆಗಲ್ಲ ಅಂದ್ರೆ ಬ್ಯಾರೆ ಗಾಡಿ ನೋಡ್ತೀನಿ."

"ಮಾದಣ್ಣೋ, ಅಕ್ಕ ದಾರೀಲಿ ಗೊರ್ಕೆ ಒಡೀದೆ ಓದ್ರೆ ನನ್ ಮೀಸೆ ಬೋಳ್ಸು!"

ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಸೀಲು ಚಿಂದಿ. ಅಂಥದ್ದು ಕೊಳ್ಳೇಗಾಲದಲ್ಲಿ ಸಿಗುವುದಿಲ್ಲ. ಆದರೆ ನನ್ನ ಬಾಯಿ ಆಗಲೇ ಮುಂದೆ ಓಡಿಹೋಗಿತ್ತು. ಎತ್ತಿನ ಗಾಡಿಯ ಅಚ್ಚಿಗೆ ನಮ್ಮಪ್ಪ ಹರಳೆಣ್ಣೆ ಬಿಡುತ್ತಿದ್ದುದು ನೆನಪಾಯಿತು. ಶಾಕಿನ ತೆಳು ಎಣ್ಣೆ ಬಸಿದು, ಮಂದವಾದ ಹರಳೆಣ್ಣೆ ತುಂಬಿದೆ. ಸೋರುವುದು ನಿಂತಿತು. ಪುಟ್ಟಮಾದಯ್ಯ ಡಿಕ್ಕಿಯ ಮೇಲೆ ಮೈಭಾರವೆಲ್ಲ ಬಿಟ್ಟು ಒತ್ತಿದ. ಕಾರು ಬಂಡೆಯಂತೆ ನಿಂತಿತ್ತು.

"ಅಲ್ಲಾಡೋದೇ ಇಲ್ವಲ್ಲೋ!" ಎಂದವನ ಕಣ್ಣು ತುಂಬಿತು.

ಅಲ್ಲಾಡದ ಕಾರು ಕುಲುಕುವುದಿಲ್ಲ ಎಂದುಕೊಂಡಿದ್ದ. ನಾನು ತಿದ್ದಲಿಲ್ಲ.

ಬೆಳಿಗ್ಗೆ ಕಾರಿನ ಜೊತೆ ನಾನೂ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ ಗೋವಿಂದಮ್ಮ ಗಾಲಿಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡಿದಳು.

"ನೀನೇ ಮಲಿಕಂಡು ಒಂದ್ ಸುತ್ತು ಬಾರಪ್ಪ ಶಾಂತ. ಆಮ್ಯಾಕೆ ನಾನು ಕಾರು ಅತ್ತೀನಿ."

ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದೆ. ಪುಟ್ಟಮಾದಯ್ಯ ನಿಧಾನವಾಗಿಯೇ ಓಡಿಸಿದ. ಬಸ್ ಸ್ಟ್ಯಾಂಡಿನ ಹತ್ತಿರ ಹಂಪು ಬಂತು. ಯಾರೋ ಒನಕೆಯಲ್ಲಿ ಬೆನ್ನಿಗೆ ಕುಟ್ಟಿದಂತಾಯಿತು. ಇನ್ನೊಂದು ಹಂಪಿಗೆ ನಾಲಿಗೆ ಕಚ್ಚಿಕೊಂಡೆ. ವಾಪಸು ಬಂದು ಇಳಿಯುವಾಗ ನಕ್ಕೆ.

"ತೊಟ್ಲು ತೂಗ್ದಂಗದೆ ಕಣಕ್ಕ."

"ತೊಟ್ಲಲ್ ಮಲಗ್ದೋನ ಬಾಯಲ್ಲಿ ರಕ್ತ ಯಾಕ್ಲಾ?"

ಪುಟ್ಟಮಾದಯ್ಯ ಡೋರು ಹಿಡಿದೇ ನಿಂತಿದ್ದ. ಅವಳ ಮಡಿಲಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಮನೆ ಮುಂದೆ ಇಳಿದು ಮೆಟ್ಟಿಕೊಳ್ಳಲು ತರಿಸಿಕೊಂಡಿದ್ದಳು. ನನ್ನ ನಗು ಅಲ್ಲೇ ಸತ್ತಿತು.

"ಈ ಕಾರು ಅತ್ಬೇಡ ಕಣಕ್ಕ. ಸೀಲು ಸಿಗ್ನಿಲ್ಲ, ಅರಳೆಣ್ಣೆ ತುಂಬಿವ್ನಿ. ಗಾಡಿ ಅಲ್ಲಾಡಲ್ಲ, ಆದ್ರೆ ಏಟೆಲ್ಲ ನಿನ್ ಬೆನ್ಗೇ ಬತ್ತದೆ. ನಂಗೆ ಗೊತ್ತಿತ್ತು."