ಕೊವ್ತುನ್ ಸಾಹೇಬರ ಹತ್ತು ಗಂಟೆ

ಊಟ ಬಲ್ಲವನಿಗೆ ರೋಗವಿಲ್ಲ, ಎರಡು ಗಡಿಯಾರ ಬಲ್ಲವನಿಗೆ ತಡವಿಲ್ಲ. ಗಾದೆಯನ್ನು ಕೆಡಿಸಿದವನು ನಾನೇ. ಕಥೆ ಮಾತ್ರ ಅಪ್ಪಟ ನಿಜ. ಅದೇ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದೆ, ಕಣ್ಣಾರೆ ಕಂಡಿದ್ದೇನೆ.

ಉಕ್ರೇನಿನ ಪಶ್ಚಿಮದ ಅಂಚಿನಲ್ಲಿರುವ ನಮ್ಮದು ಹಂಗೇರಿಯನ್ ಮಾತಾಡುವ ಊರು. ರೈಲು, ಕಚೇರಿ, ಪೊಲೀಸು ಇವೆಲ್ಲ ಕೀವ್ ಗಂಟೆಗೆ ನಡೆಯುತ್ತವೆ. ಮದುವೆ, ಇಗರ್ಜಿ, ಹಸಿವು ಇವು ಗಡಿಯಾಚೆಯ ಬುಡಾಪೆಸ್ಟ್ ಗಂಟೆಗೆ, ಅಂದರೆ ಒಂದು ಗಂಟೆ ಹಿಂದೆ. ಯಾರಾದರೂ ‘ಹತ್ತಕ್ಕೆ ಬಾ’ ಅಂದರೆ ‘ಯಾರ ಹತ್ತು?’ ಎಂದು ಕೇಳುವುದು ನಮ್ಮಲ್ಲಿ ಸೀನಿದಷ್ಟೇ ಸಹಜ.

ಈ ಪ್ರಶ್ನೆ ಕಿವಿಗೆ ಬಿದ್ದರೆ ಶಿಕ್ಷಣಾಧಿಕಾರಿ ಒಸ್ತಾಪ್ ಕೊವ್ತುನ್ ಅವರಿಗೆ ಮೈಯೆಲ್ಲ ಉರಿ. “ಹ್ಹ್‌ರ್‌ಮ್, ಒಂದು ದೇಶ! ಹ್ಹ್‌ರ್‌ಮ್, ಒಂದು ಗಂಟೆ!” ಎಂದು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಂಡು ಗುಡುಗುತ್ತಿದ್ದರು. ಆ ಗಂಟಲನ್ನು ನಾನು ಎಷ್ಟು ಸೊಗಸಾಗಿ ಅನುಕರಿಸುತ್ತಿದ್ದೆನೆಂದರೆ, ಒಮ್ಮೆ ನಮ್ಮ ಜವಾನ ಬಾಗಿಲಾಚೆಯಿಂದಲೇ ಎದ್ದು ನಿಂತು ಟೋಪಿ ತೆಗೆದಿದ್ದ.

ಯುದ್ಧಕ್ಕೆ ಮುಂಚಿನ ಮಾತಿದು. ಯೂರೋಪಿಗೆ ಹತ್ತಿರವಾಗಲೆಂದು ದೇಶ ಸುಧಾರಣೆಯ ಮೇಲೆ ಸುಧಾರಣೆ ತರುತ್ತಿತ್ತು. ಸಾಹೇಬರಿಗೆ ಆತುರ ಹೆಚ್ಚು. ಕಾನೂನು ಒಂದು ಹೆಜ್ಜೆ ಇಡುವಷ್ಟರಲ್ಲಿ ಅವರು ಮೂರು ಹೆಜ್ಜೆ ಹಾರಿ, ನಮ್ಮ ಶಾಲೆಯ ದೊಡ್ಡ ಮಕ್ಕಳಿಗೆ ಹಂಗೇರಿಯನ್‌ನಲ್ಲಿ ಗಣಿತ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಬಾಯಿಗೆ ಬೀಗವಿಲ್ಲದ ಮಕ್ಕಳು ಕುಂಬಳಕಾಯಿಗಳ ಹಾಗೆ ಕೂತರು. ಗಣಿತವನ್ನು ತಾವೇ ಕಲಿಸುತ್ತಿದ್ದ ಮುಖ್ಯೋಪಾಧ್ಯಾಯಿನಿ ಎಟೆಲ್ಕಮ್ಮನಿಗೆ ಅದನ್ನು ನೋಡಿ ಅನ್ನನೀರು ಸೇರದಾಯಿತು.

ಅಷ್ಟರಲ್ಲಿ, ಅಲ್ಪಸಂಖ್ಯಾತರಿಗೆ ಹಕ್ಕುಗಳು ಸಿಗುತ್ತಿವೆಯೇ ಎಂದು ನೋಡಲು ಬ್ರಸೆಲ್ಸ್‌ನಿಂದ ಡೆಕೋನಿಂಕ್ ಎಂಬ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಹಿಂದಿನ ದಿನ ಸಾಹೇಬರು ಎಟೆಲ್ಕಮ್ಮನ ಬಳಿಗೆ ಓಡೋಡಿ ಬಂದರು.

“ನಾಳೆ ಹತ್ತರಿಂದ ಹನ್ನೊಂದು ಗಣಿತ ನಿಮ್ಮ ಭಾಷೆಲೇ ಆಗ್ಲಿ. ಬಾಗಿಲಿಗೆ ಹಂಗೇರಿಯನ್ ಬೋರ್ಡು ಹಾಕಿ. ಹನ್ನೊಂದು ಹೊಡೀತಿದ್ದಂಗೆ ಬೋರ್ಡು ಇಳೀಬೇಕು, ಬಾಯಿ ಮುಚ್ಚಬೇಕು.”

“ಹಕ್ಕು ಒಂದೇ ಗಂಟೆಗಾ ಸಾರ್?”

“ಊಟಕ್ಕೆ ಮುಂಚೆ ಅಷ್ಟು ಸಾಕು.”

“ಆಗ್ಲಿ. ಯಾರ ಹತ್ತು?”

“ದೇಶದ ಹತ್ತು! ಇನ್ನೊಂದ್ಸಲ ಕೇಳಿದ್ರೆ ನೋಡಿ ಮತ್ತೆ!”

ಸಂಜೆ ಬುಡಾಪೆಸ್ಟ್‌ನಿಂದ ಅಲ್ಲಿ ತಂಗಿದ್ದ ಮೇಡಂ ಅವರ ದುಭಾಷಿ ಫೋನು ಮಾಡಿ, ಹತ್ತು ಅಂದರೆ ಯಾವ ಹತ್ತು ಎಂದು ಕೇಳಿದ. ಎಟೆಲ್ಕಮ್ಮ ತಣ್ಣಗೆ, “ಕೈಗಡಿಯಾರ ತಿರುಗಿಸೋಕೆ ಹೋಗ್ಬೇಡಿ, ಹಾಗೇ ಬನ್ನಿ. ನಮ್ಮೂರೂ ಅದರಂಗೇ ನಡೆಯೋದು” ಎಂದರು. ಫೋನಿಟ್ಟು ನನ್ನ ಕಡೆ ತಿರುಗಿದರು. “ಸುಳ್ಳು ಹೇಳಿದ್ನೇನಪ್ಪ?”

“ಇಲ್ಲಮ್ಮ. ಅದೇ ನಂಗೆ ಭಯ.”

ಮರುದಿನ ಅಪ್ಪಣೆ ಅಕ್ಷರಶಃ ನಡೆಯಿತು. ಕೀವ್ ಗಂಟೆ ಹತ್ತಕ್ಕೆ ಬೋರ್ಡು ಏರಿತು. ಕುಂಬಳಕಾಯಿಗಳಿಗೆ ಬಾಯಿ ಬಂತು. ಸಾಹೇಬರು ಸ್ವಾಗತದ ರೊಟ್ಟಿ, ಉಪ್ಪು ಹಿಡಿದು ಗೇಟಿನಲ್ಲಿ ನಿಂತರು. ನಿಂತೇ ಇದ್ದರು. ರೊಟ್ಟಿಯ ಮೇಲೆ ನೊಣಗಳು ಕೂತು ಎದ್ದು ಹೋದವು. ಹನ್ನೊಂದು ಹೊಡೆಯಿತು. ಎಟೆಲ್ಕಮ್ಮ ಬೋರ್ಡು ಇಳಿಸಿದರು, ಅರ್ಧ ಬಿಡಿಸಿದ್ದ ಲೆಕ್ಕವನ್ನು ಒರೆಸಿದರು. ಅದೇ ಹೊತ್ತಿಗೆ ಕಾರು ಬಂತು. ಮೇಡಂ ಇಳಿದು ಕೈಗಡಿಯಾರ ತೋರಿಸಿ ನಕ್ಕರು: ಸರಿಯಾಗಿ ಹತ್ತು!

ಸಾಹೇಬರು ರೊಟ್ಟಿಯನ್ನು ಮೇಡಂ ಕೈಗೆ ತುರುಕಿ ಒಳಗೆ ಓಡಿದರು.

“ಬೋರ್ಡು! ಬೋರ್ಡು ಹಾಕ್ರಿ!”

“ಹನ್ನೊಂದಾಯ್ತಲ್ಲ ಸಾರ್. ನಿಮ್ದೇ ಅಪ್ಪಣೆ.”

“ಹತ್ತು ಕಣಮ್ಮಾ, ಈಗ ಹತ್ತು!”

“ಯಾರ ಹತ್ತು?”

ಸಾಹೇಬರ ಆ ಗಂಟಲು ಮೊದಲ ಬಾರಿಗೆ ಕೈಕೊಟ್ಟಿತು. “ನಿಮ್ದು... ನಿಮ್ಮೂರಿನ ಹತ್ತು ಕಣ್ರೀ!” ಎಂದವರೇ ಬೆಂಚು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ತಾವೇ ಹಿಂದಕ್ಕೆ ತಿರುಗಿಸತೊಡಗಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ.

“ಇವರು ಏನ್ ಮಾಡ್ತಿದ್ದಾರೆ?” ದುಭಾಷಿ ಕೇಳಿದ.

“ನಮ್ಮ ಹೊತ್ತನ್ನ ನಮಗೆ ವಾಪಸ್ ಕೊಡ್ತಿದ್ದಾರೆ” ಎಂದರು ಎಟೆಲ್ಕಮ್ಮ.

ದುಭಾಷಿ ಅದನ್ನು ಹೇಳಿದ್ದೇ ತಡ, ಮೇಡಂ ಕರಗಿ ನೀರಾದರು. ಇಲ್ಲಿ ಗಣಿತ ಮಾತೃಭಾಷೆಯಲ್ಲೇ ನಡೆಯುತ್ತದಂತೆ, ದಿನಾ ಹೀಗೆಯೇ ಏನು ಎಂದು ಕೇಳಿದರು. ಎಟೆಲ್ಕಮ್ಮ ಸಾಹೇಬರನ್ನು ನೋಡಿದರು. ಇಡೀ ತರಗತಿ ಬೆಂಚಿನ ಮೇಲಿದ್ದ ಸಾಹೇಬರನ್ನು ನೋಡಿತು.

“ದಿನಾ” ಎಂದರು ಸಾಹೇಬರು.

“ವರ್ಷವೆಲ್ಲ?”

“ವರ್ಷವೆಲ್ಲ.”

ಫೋಟೋ ತೆಗೆದರು. ಮುಂದಿನ ಸಲ ಹೇಳದೆ ಕೇಳದೆ ಬಂದು ಇದೇ ತರಗತಿಯಲ್ಲಿ ಕೂರುತ್ತೇನೆ ಎಂದು ಮೇಡಂ ಮಾತು ಕೊಟ್ಟರು. ಸಾಹೇಬರು ಬೆಂಚಿನಿಂದ ಇಳಿದಾಗ ಎಟೆಲ್ಕಮ್ಮ ಆಗಲೇ ಒರೆಸಿದ ಲೆಕ್ಕವನ್ನು ಮೊದಲಿನಿಂದ ಬರೆಯುತ್ತಿದ್ದರು.

ಅಂಗಳದಲ್ಲಿ ಊಟ. ಕಡಾಯಿಯಲ್ಲಿ ಗುಲ್ಯಾಶ್ ಎಂಬ ಮಾಂಸದ ಸಾರು ಕುದಿಯುತ್ತಿತ್ತು, ಪ್ಲಮ್ ಹಣ್ಣಿನ ಸಾರಾಯಿ ಸುತ್ತು ಬರುತ್ತಿತ್ತು. ಇಂಥ ಅಧಿಕಾರಿ ಇರುವ ದೇಶ ಯೂರೋಪಿಗೆ ಬಹಳ ಹತ್ತಿರ ಎಂದು ಮೇಡಂ ಲೋಟ ಎತ್ತಿದರು. ಎರಡನೇ ಲೋಟ ನನ್ನ ತಲೆಗೇರಿತ್ತು, ಸಾಹೇಬರ ಗಂಟಲು ನನ್ನ ಬಾಯಿಂದ ಹೊರಟಿತು.

“ಹ್ಹ್‌ರ್‌ಮ್, ಹತ್ತಿರ ಏನು ಬಂತು? ಹ್ಹ್‌ರ್‌ಮ್, ಒಂದು ಗಂಟೆ ಮುಂದೇನೇ ಇದೀವಿ!”

ಸಾಹೇಬರು ನನ್ನನ್ನು ನೋಡಿದರು, ಮೇಡಂ ಅವರ ಕೈಗಡಿಯಾರವನ್ನು ನೋಡಿದರು, ಆಮೇಲೆ ಎಟೆಲ್ಕಮ್ಮನನ್ನು.

“ಇವರಿಗೆ ಟೈಮು ಹೇಳಿದ್ದು ಯಾರು?”

“ನಾನೇ” ಎಂದು ಎಟೆಲ್ಕಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. “ನಿಮ್ಮನ್ನ ಇನ್ನೊಂದ್ಸಲ ಕೇಳಣ ಅಂದ್ಕೊಂಡೆ. ನೀವೇ ಕೇಳ್ಬೇಡಿ ಅಂದಿದ್ರಲ್ಲ.”

ಮೊದಲು ಸಾಹೇಬರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಸಾರಾಯಿ ಮೂಗಿಗೇರಿ, ಕಣ್ಣಲ್ಲಿ ನೀರು ಬಂದು, ಮೇಜು ಗುದ್ದಿ ಗುದ್ದಿ ನಕ್ಕರು. ನಾವೂ ನಕ್ಕೆವು, ಅರ್ಥವಾಗದ ಮೇಡಂ ಕೂಡ ನಕ್ಕರು. ಆದರೆ ಬೀದಿಯ ನಾಯಿಗಳನ್ನು ಎಬ್ಬಿಸಿದ್ದು ಸಾಹೇಬರ ನಗುವೇ.