ಬೀದಿಗೆಲ್ಲ ಒಂದೇ ಕೋಟು

ಮೊಮ್ಮಗಳು ಬೀರು ತಡಕಿದಳು, ಟ್ರಂಕು ಬೋರಲು ಹಾಕಿದಳು, ಕೋಟು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ನಡುಮನೆಯಲ್ಲಿ, ತೀರಿಕೊಂಡ ಅಜ್ಜಿಯ ಮೈಮೇಲೆ! ಹೆಣ ಸಾಗಿಸುವ ಗಾಡಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

"ತಾತ, ಇದೇನು ಮಾಡಿಬಿಟ್ಟೆ! ಇನ್ನೊಂದು ಗಂಟೇಲಿ ನನ್ನ ಇಂಟರ್‌ವ್ಯೂ!"

"ಹೊಲಿದವಳು ಅವಳು. ಇವತ್ತಾದ್ರೂ ಹಾಕ್ಕೊಂಡು ಹೋಗ್ಲಿ ಬಿಡಮ್ಮ." ಬಸ್ಸು ಓಡಿಸಿ ಗಟ್ಟಿಯಾಗಿದ್ದ ತಾತನ ಕೈ ಕೋಟಿನ ಗುಂಡಿ ಬಿಡಲಿಲ್ಲ.

"ಹೆಣದ ಮುಂದೆ ಇಂಟರ್‌ವ್ಯೂ ಮಾತಾ? ನಾಚಿಕೆ ಆಗಲ್ವೇನೇ?" ಸೋದರತ್ತೆ ರೇಗಿದಳು.

ಮೊಮ್ಮಗಳಿಗೆ ಅಳು ಒತ್ತರಿಸಿಕೊಂಡು ಬಂತು. ಬೇರೆ ಬಟ್ಟೆಯಲ್ಲಿ ಹೋಗಬಹುದಿತ್ತು, ನಿಜ. ಆದರೆ ಆ ಗೇಟು ದಾಟಬೇಕಾದದ್ದು ಈ ಕೋಟು!

*

ಎಂಜಿನಿಯರಿಂಗಿನಲ್ಲಿ ಎಲ್ಲರಿಗಿಂತ ಮುಂದಿದ್ದ ಅಜ್ಜಿ, ಇವತ್ತು ಮೊಮ್ಮಗಳನ್ನು ಕರೆದಿದ್ದ ಅದೇ ಕಂಪನಿಯ ಇಂಟರ್‌ವ್ಯೂಗೆಂದು ತಾನೇ ಹೊಲಿದುಕೊಂಡ ಕೋಟು ಅದು. ಗೇಟಿನಲ್ಲೇ ಅವಳ ಕಪ್ಪು ಮೈಬಣ್ಣ ನೋಡಿ, "ನಿಮ್ಮ ಜನಕ್ಕೆ ಇಲ್ಲಿರೋದು ಗುಡಿಸೋ ಕೆಲಸ, ಹಿಂದಿನ ಬಾಗಿಲಿಗೆ ಹೋಗು," ಅಂದುಬಿಟ್ಟರು. ಅವಳು ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಕೋಟನ್ನು ಮತ್ತೆ ತೊಡಲಿಲ್ಲ.

ಬೀದಿಯ ಯಾವ ಹುಡುಗಿ ಇಂಟರ್‌ವ್ಯೂಗೆ ಹೊರಟರೂ ಅಜ್ಜಿ ಕೋಟಿನ ಹೊಲಿಗೆ ಬಿಚ್ಚಿ, ಅವಳ ಅಳತೆಗೆ ಮತ್ತೆ ಹೊಲಿದು ಕೊಡುತ್ತಿದ್ದಳು. "ಹೋಗೇ! ಸುಮ್ಮಸುಮ್ಮನೆ ಹಲ್ಲು ಕಿರೀಬೇಡ, ತಲೆ ತಗ್ಗಿಸ್ಬೇಡ!" ನರ್ಸು, ಟೀಚರು, ವಕೀಲೆ, ಎಲ್ಲರೂ ಅದೇ ಕೋಟು ತೊಟ್ಟು ಕೆಲಸ ಗಿಟ್ಟಿಸಿದವರು.

*

ಆ ನರ್ಸೇ ಈಗ ಅಜ್ಜಿಯ ಕೈ ಜೋಡಿಸಲು ಹೋಗಿ ತಡೆದು ನಿಂತಳು. "ತಾತ, ಬೆರಳೇ ಕಾಣ್ತಿಲ್ಲ ನೋಡಿ!"

ಕೋಟಿನ ತೋಳು ಬೆರಳ ತುದಿ ದಾಟಿತ್ತು. ಅಂಚಿನಲ್ಲಿ ಹೊಸ ದಾರ. ತಾತ ಮೊಮ್ಮಗಳ ನೀಳ ತೋಳುಗಳನ್ನು ನೋಡಿದ.

"ಅಯ್ಯೋ ಇವಳ! ಮೊನ್ನೆ ಜ್ವರದಲ್ಲಿ ಕೂತು ಹೊಲಿದಿದ್ದು ಇದನ್ನೇನಾ? ನನಗೊಂದು ಮಾತು ಹೇಳ್ಬಾರ್ದಾ!" ಅವನು ಬಿಕ್ಕಿ ಬಿಕ್ಕಿ ಅತ್ತ, ಮರುಕ್ಷಣವೇ ಕೂಗಿದ: "ಬಿಚ್ರೇ, ಬೇಗ!"

ಮೊದಲು ಗುಂಡಿಗೆ ಕೈ ಹಾಕಿದವಳು ಸೋದರತ್ತೆಯೇ. ತನ್ನ ಶಾಲನ್ನು ಅಜ್ಜಿಗೆ ಹೊದಿಸಿದಳು. "ಗಾಡಿ ಹೇಗೂ ಆ ದಾರೀಲೇ ಹೋಗುತ್ತೆ, ಹತ್ತೇ ಮಹರಾಯ್ತಿ!"

ಕಂಪನಿಯ ಮುಂದೆ ಅವಳನ್ನಿಳಿಸಿದ ಗಾಡಿ ಕದಲಲಿಲ್ಲ. ಅದರ ಕಿಟಕಿಗಳ ತುಂಬ ಬೀದಿಯ ಹೆಂಗಸರ ಮುಖ. ಕಾವಲುಗಾರ ಹೆಣದ ಗಾಡಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ ಗೇಟು ತೆರೆದ.

ಮೆಟ್ಟಿಲ ಮೇಲೆ ಅವಳು ತಿರುಗಿ ಕೈ ಎತ್ತಿದಳು. ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತ್ತು. ತಾತ ಡ್ರೈವರನ ಪಕ್ಕದಿಂದ ಬಾಗಿ ಹಾರ್ನ್ ಒತ್ತಿ ಹಿಡಿದ. ಅವಳು ಒಳಗೆ ಹೋಗುವವರೆಗೂ ಬಿಡಲಿಲ್ಲ.