ಎಡಕ್ಕೆ ಎಳೆಯುವ ಗಾಡಿ

"ಖಾನಾಪುರ ಬಸ್ ಆಮ್ಯಾಲ ಹಿಡಿಯೂಣು. ಮೊದಲ ಆಟೋ ನಗರದ ಗ್ಯಾರೇಜಿಗೆ ನಡಿ," ಎನ್ನುತ್ತ ಬಾಳೇಶ ಬೆಳಗಾವಿಯ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ರಿಕ್ಷಾಕ್ಕೆ ಕೈ ಮಾಡಿದ. ಪ್ರಮಿಳಾ ಬೇಡವೆನ್ನಲಿಲ್ಲ. ಅವನ ಸ್ಕ್ಯಾನಿನಲ್ಲಿ ಈಗ ಗಡ್ಡೆಯ ಸುಳಿವಿಲ್ಲವೆಂದು ಡಾಕ್ಟರು ಈಗಷ್ಟೇ ಹೇಳಿದ್ದರು. ಗಂಡ ಚಂದ್ರಲೋಕಕ್ಕೆ ಕರೆದಿದ್ದರೂ ಅವಳು ಹೊರಡುತ್ತಿದ್ದಳು.

ಗಾಡಿಗಳ ಚಕ್ರ ನೇರ ಮಾಡುವುದರಲ್ಲಿ ಬಾಳೇಶನದು ಎತ್ತಿದ ಕೈ. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರೆ ಸಾಕು, ಗಾಡಿ ಎತ್ತ ಎಳೆಯುತ್ತದೆಂದು ಅವನ ಮೈಯೇ ಹೇಳುತ್ತಿತ್ತು. ಹೋದ ವರ್ಷ ಬಂದ ಗಾಡಿಗಳೆಲ್ಲ ಎಡಕ್ಕೇ ಎಳೆಯತೊಡಗಿದವು. ನೆಟ್ಟಗಿದ್ದವನ್ನೂ ತಿದ್ದಿ ಬಲಕ್ಕೆ ತಿರುಗಿಸಿ ಕಳಿಸಿದ. ಗಿರಾಕಿಗಳು ಜಗಳಕ್ಕೆ ಬಂದರು, ಕುಡುಕ ಎಂದರು. ವಾಲುತ್ತಿದ್ದದ್ದು ಗಾಡಿಯಲ್ಲ, ಬಾಳೇಶನೇ. ಮೈಯ ಸಮತೋಲ ಕಾಯುವ ಕಿರುಮೆದುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕೂತಿತ್ತು. ಮಕ್ಕಳಲ್ಲೇ ಹೆಚ್ಚು, ದೊಡ್ಡವರಿಗೆ ಬರುವುದು ಅಪರೂಪವಂತೆ. ಆಪರೇಷನ್ ಆಯಿತು, ತಲೆಗೂ ಬೆನ್ನುಹುರಿಗೂ ರೇಡಿಯೇಷನ್ ಆಯಿತು. ಜೀವವೇನೋ ಉಳಿಯಿತು. ಕಸುಬು ಉಳಿದಿದೆಯೇ ಎಂದು ಯಾವ ಸ್ಕ್ಯಾನೂ ಹೇಳಲಿಲ್ಲ.

ಬಾಳೇಶ ಕೆಲಸಕ್ಕಿದ್ದ ಗ್ಯಾರೇಜಿನ ಮಾಲೀಕ ಸಿದರಾಯ ಅವನನ್ನು ತಬ್ಬಿಕೊಂಡು ಚಹಾ ತರಿಸಿದ. ಬಾಳೇಶ ಮುಟ್ಟಿದ್ದರೆ ಕೇಳಿ. ಅಲ್ಲಿ ನಿಂತಿದ್ದ ಟೆಂಪೋ ತೋರಿಸಿ, "ನೀವು ಹೊಡೀರಿ. ನಾ ಬಾಜೂಕ ಕುಂದರ್ತೀನಿ," ಎಂದ. ಪ್ರಮಿಳಾಳೂ ಹತ್ತಿ ಬಾಗಿಲಿಗೆ ಒತ್ತಿಕೊಂಡು ಕೂತಳು.

ಗ್ಯಾರೇಜಿನ ಹಿಂದಿನ ಸಪಾಟು ರಸ್ತೆ ಖಾಲಿಯಿತ್ತು. ಬಾಳೇಶ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ, "ಎಡಕ್ಕ ಎಳ್ಯಾಕತ್ತೈತ್ರೀ," ಎಂದ.

ಪ್ರಮಿಳಾ ತಟ್ಟನೆ ಗಂಡನತ್ತ ತಿರುಗಿದಳು. ಹೋದ ವರ್ಷವೂ ಇದೇ ಮಾತು.

"ಇದು ಬರೇ ಎಣ್ಣಿ ಬದಲ್ಸಾಕ ಬಂದ ಗಾಡಿ, ಬಾಳ್ಯಾ," ಎಂದು ಸಿದರಾಯ ಮೆತ್ತಗೆ ಹೇಳಿದ. "ಸ್ಟೇರಿಂಗ್ ಛಲೋ ಐತಿ. ನೀ ಇನ್ನೂ ಸ್ವಲ್ಪ ದಿನ ಆರಾಮ ತಗೋ."

"ಕೈ ಬಿಡ್ರಿ ನೀವು."

ಸಿದರಾಯ ಸ್ಟೇರಿಂಗಿನಿಂದ ಕೈ ತೆಗೆದ. ಟೆಂಪೋ ನೆಟ್ಟಗೇ ಹೋಯಿತು. ಇನ್ನೂ ನೆಟ್ಟಗೇ ಹೋಯಿತು. ಪ್ರಮಿಳಾ ಮನೆದೇವರನ್ನು ನೆನೆದಳು. ನೆಟ್ಟಗೆ ಹೋಗುವ ಗಾಡಿ ದಾರಿ ತಪ್ಪಲೆಂದು ದೇವರಿಗೆ ಮೊರೆಯಿಟ್ಟವಳು ಅವಳೊಬ್ಬಳೇ ಇರಬೇಕು.

ಆಗ ಗಾಡಿಯ ಮೂತಿ ಮೆಲ್ಲಗೆ ಹೊರಳಿತು.

"ಹೊಂಟೈತಿ! ಖರೇನ ಎಡಕ್ಕ ಹೊಂಟೈತಿ!" ಪ್ರಮಿಳಾ ಚೀರಿ ಗಂಡನ ತೊಡೆಗೆ ಗುದ್ದಿದಳು. ಸಿದರಾಯ ನಗುತ್ತ ನಗುತ್ತ ಬ್ರೇಕ್ ಒತ್ತುವುದರೊಳಗೆ ಎಡಗಾಲಿ ರಸ್ತೆ ಬಿಟ್ಟು ಹುಲ್ಲಿಗೆ ಇಳಿದಿತ್ತು.

ಬಾಳೇಶ ಕಣ್ಣು ತೆರೆದ. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಗಾಡಿಯನ್ನು ರಸ್ತೆಗೆ ತರುವ ಅವಸರ ಯಾರಿಗೂ ಇರಲಿಲ್ಲ.